ವ್ಯವಹಾರದ ಡಿಜಿಟಲ್ ರೂಪಾಂತರ: ಸಂಶೋಧನೆ ಸಾಗುತ್ತಿರುವ ದಿಕ್ಕನ್ನು ಗುರುತಿಸುವ ಕ್ರಮ

ಮಾನಸಗಂಗೋತ್ರಿಯಲ್ಲಿ, ಮಂಡ್ಯ ವಿಶ್ವವಿದ್ಯಾಲಯದಲ್ಲಿ ಮತ್ತು ಸುತ್ತಲಿನ ಕಾಲೇಜುಗಳಲ್ಲಿ ವಾಣಿಜ್ಯ ಅಥವಾ ನಿರ್ವಹಣಾಶಾಸ್ತ್ರದ ಸಂಶೋಧನೆಗೆ ತೊಡಗಿದವರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಯೊಂದಿದೆ: ‘ಡಿಜಿಟಲ್ ರೂಪಾಂತರದ ಮೇಲೆ ಕೆಲಸ ಮಾಡಬೇಕೆಂದಿದ್ದೇನೆ. ಈ ವಿಷಯದ ಸಂಶೋಧನೆ ಈಗ ಯಾವ ಕಡೆಗೆ ಹೋಗುತ್ತಿದೆ ಎಂದು ತಿಳಿಯುವುದು ಹೇಗೆ, ಅದನ್ನು ಸಿನಾಪ್ಸಿಸ್‌ನಲ್ಲಿ (ಸಂಶೋಧನೆಯ ರೂಪುರೇಷೆಯಲ್ಲಿ) ಬರೆಯುವುದು ಹೇಗೆ?’ ಆ ಪ್ರಶ್ನೆ ಕೇಳುವವರಿಗಾಗಿಯೇ ಈ ಲೇಖನ. ಎಂ.ಕಾಂ. ಮತ್ತು ಎಂಬಿಎ ವಿದ್ಯಾರ್ಥಿಗಳು ತಮ್ಮ ಪ್ರಾಜೆಕ್ಟ್ ವರದಿಗೂ ಇದೇ ಕ್ರಮವನ್ನು ಅನುಸರಿಸಬಹುದು. ಅವರು ಆರನೆಯ ಹಂತವನ್ನು ಬಿಟ್ಟರೂ ನಷ್ಟವಿಲ್ಲ.

ಕೆಲಸಕ್ಕೆ ಇಳಿಯುವ ಮೊದಲು ಒಂದು ವ್ಯತ್ಯಾಸ ಮನಸ್ಸಿನಲ್ಲಿರಲಿ. ‘ಡಿಜಿಟಲ್ ಟ್ರಾನ್ಸ್‌ಫರ್ಮೇಷನ್’ ಎಂಬ ಶೀರ್ಷಿಕೆಯಡಿ ಎಷ್ಟು ಲೇಖನಗಳು ಬಂದಿವೆ ಎಂದು ಎಣಿಸುವುದು ಒಂದು ಕೆಲಸ. ತಂತ್ರಜ್ಞಾನದಿಂದ ವ್ಯಾಪಾರದ ರೀತಿ ಬದಲಾಗಿರುವುದನ್ನು ಯಾರು, ಎಲ್ಲಿ, ಯಾವ ವಿಧಾನದಿಂದ ಅಧ್ಯಯನ ಮಾಡಿದ್ದಾರೆ ಎಂದು ತಿಳಿಯುವುದು ಇನ್ನೊಂದು ಕೆಲಸ. ಮೊದಲನೆಯದನ್ನು ತಂತ್ರಾಂಶ ಒಂದು ಮಧ್ಯಾಹ್ನದಲ್ಲಿ ಮುಗಿಸಿಕೊಡುತ್ತದೆ. ಮೌಖಿಕ ಪರೀಕ್ಷೆಯಲ್ಲಿ ನಿಮ್ಮನ್ನು ಕೇಳುವುದು ಎರಡನೆಯದರ ಬಗ್ಗೆ.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ. ಸಾಧಾರಣ ಲ್ಯಾಪ್‌ಟಾಪ್, ನಿಮ್ಮ ಸಂಸ್ಥೆಯ ಗ್ರಂಥಾಲಯದ ಲಾಗಿನ್, ಲೇಖನಗಳನ್ನು ಜೋಡಿಸಿಟ್ಟುಕೊಳ್ಳಲು ಜೊಟೆರೊದಂಥ ಉಚಿತ ತಂತ್ರಾಂಶ, ಎಕ್ಸೆಲ್ ಅಥವಾ ಅಂಥದ್ದೇ ಒಂದು ಹಾಳೆ ಮತ್ತು ಹುಡುಕಾಟದ ದಿನಚರಿ. ಕೊನೆಯದನ್ನು ಬಹುತೇಕರು ಇಟ್ಟುಕೊಳ್ಳುವುದಿಲ್ಲ. ಯಾವ ದಿನ, ಯಾವ ಡೇಟಾಬೇಸ್‌ನಲ್ಲಿ, ಯಾವ ಪದಗಳಿಂದ ಹುಡುಕಿದಿರಿ, ಎಷ್ಟು ಫಲಿತಾಂಶ ಬಂದವು, ಯಾವ ಸೋಸುವಿಕೆ ಹಾಕಿದಿರಿ ಎಂಬುದನ್ನು ಆಯಾ ದಿನವೇ ಬರೆದಿಡದಿದ್ದರೆ ಸಂಶೋಧನಾ ವಿಧಾನದ ಅಧ್ಯಾಯವನ್ನು ಬರೆಯುವಾಗ ನೆನಪಿನಿಂದ ಕಟ್ಟಬೇಕಾಗುತ್ತದೆ.

1. ಯಾವುದು ರೂಪಾಂತರ ಎಂಬುದನ್ನು ಮೊದಲು ನಿಗದಿ ಮಾಡಿಕೊಳ್ಳಿ

ಈ ಕ್ಷೇತ್ರದ ಲೇಖಕರು ಸಾಮಾನ್ಯವಾಗಿ ಮೂರು ಮಟ್ಟಗಳನ್ನು ಬೇರ್ಪಡಿಸುತ್ತಾರೆ. ಪೀಟರ್ ವೆರ್ಹೂಫ್ ಮತ್ತು ಸಂಗಡಿಗರು 2021ರಲ್ಲಿ ‘ಜರ್ನಲ್ ಆಫ್ ಬಿಸಿನೆಸ್ ರಿಸರ್ಚ್’ನಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ವಿಂಗಡಣೆ ಸ್ಪಷ್ಟವಾಗಿದೆ. ಮೊದಲನೆಯದು ಡಿಜಿಟೈಸೇಷನ್, ಅಂದರೆ ಕಾಗದದಲ್ಲಿದ್ದ ಮಾಹಿತಿಯನ್ನು ಕಂಪ್ಯೂಟರಿಗೆ ಏರಿಸುವುದು. ಎರಡನೆಯದು ಡಿಜಿಟಲೈಸೇಷನ್, ಅಂದರೆ ಕೆಲಸ ನಡೆಯುವ ವಿಧಾನವನ್ನೇ ತಂತ್ರಜ್ಞಾನದ ಮೂಲಕ ಬದಲಿಸುವುದು. ಮೂರನೆಯದು ಡಿಜಿಟಲ್ ರೂಪಾಂತರ, ಅಂದರೆ ಸಂಸ್ಥೆ ಗಿರಾಕಿಗೆ ಏನು ಕೊಡುತ್ತದೆ, ಹಣ ಹೇಗೆ ಗಳಿಸುತ್ತದೆ ಎಂಬುದೇ ಬೇರೆಯಾಗುವುದು.

ಮಂಡ್ಯ ಜಿಲ್ಲೆಯ ಯಾವುದೇ ಹಾಲು ಉತ್ಪಾದಕರ ಸಹಕಾರ ಸಂಘವನ್ನು ಇಟ್ಟುಕೊಂಡು ಇದನ್ನು ಪರೀಕ್ಷಿಸಬಹುದು. ಸದಸ್ಯರು ಹಾಕಿದ ಹಾಲಿನ ಲೆಕ್ಕವನ್ನು ಪುಸ್ತಕದಿಂದ ಕಂಪ್ಯೂಟರಿಗೆ ಬರೆದುಕೊಂಡರೆ ಅದು ಮೊದಲ ಮಟ್ಟ. ಯಂತ್ರವೇ ತೂಕ ಮತ್ತು ಜಿಡ್ಡಿನ ಅಂಶ ಅಳೆದು ಚೀಟಿ ಕೊಟ್ಟು, ಬಟವಾಡೆ ನೇರವಾಗಿ ಬ್ಯಾಂಕ್ ಖಾತೆಗೆ ಬಂದರೆ ಅದು ಎರಡನೆಯ ಮಟ್ಟ. ಅದೇ ದಾಖಲೆಯ ಆಧಾರದ ಮೇಲೆ ಸದಸ್ಯರಿಗೆ ಸಾಲ, ವಿಮೆ, ಪಶು ಆರೋಗ್ಯದ ಸಲಹೆ ಸಿಗುವಂತಾಗಿ, ಸಂಘವು ಹಾಲು ಕೊಳ್ಳುವ ಜಾಗದಿಂದ ಬೇರೆಯೇ ಬಗೆಯ ಸಂಸ್ಥೆಯಾಗಿ ಬದಲಾದರೆ ಆಗ ಮೂರನೆಯ ಮಟ್ಟದ ಮಾತನ್ನು ಆಡಬಹುದು.

ಗ್ರೆಗರಿ ವಿಯಾಲ್ 2019ರಲ್ಲಿ 282 ಬರಹಗಳನ್ನು ಪರಿಶೀಲಿಸಿ ಕೊಟ್ಟ ವ್ಯಾಖ್ಯೆಯನ್ನು ಬಹಳ ಜನ ಬಳಸುತ್ತಾರೆ. ಮಾಹಿತಿ, ಗಣನೆ, ಸಂವಹನ ಮತ್ತು ಸಂಪರ್ಕ ತಂತ್ರಜ್ಞಾನಗಳ ಸಂಯೋಜನೆಯಿಂದ ಒಂದು ಘಟಕದ ಗುಣಲಕ್ಷಣಗಳಲ್ಲಿ ಗಣನೀಯ ಬದಲಾವಣೆ ತಂದು ಅದನ್ನು ಉತ್ತಮಪಡಿಸಲು ಹೊರಟ ಪ್ರಕ್ರಿಯೆ ಎಂಬುದು ಅದರ ತಾತ್ಪರ್ಯ. 2021ರಲ್ಲಿ ವೆಸೆಲ್ ಮತ್ತು ಸಂಗಡಿಗರು ಇನ್ನೊಂದು ಗೆರೆ ಎಳೆದರು: ತಂತ್ರಜ್ಞಾನವು ಸಂಸ್ಥೆಯ ಈಗಿನ ಗುರುತನ್ನು ಬಲಪಡಿಸಿದರೆ ಅದು ಐಟಿ ಆಧಾರಿತ ಬದಲಾವಣೆ, ಹೊಸ ಗುರುತನ್ನೇ ಕೊಟ್ಟರೆ ಡಿಜಿಟಲ್ ರೂಪಾಂತರ. ನನ್ನ ಅಭಿಪ್ರಾಯದಲ್ಲಿ ಕ್ಷೇತ್ರಕಾರ್ಯ ಮಾಡುವವರಿಗೆ ಈ ಎರಡನೆಯ ಗೆರೆ ಹೆಚ್ಚು ಉಪಯುಕ್ತ, ಏಕೆಂದರೆ ಅದನ್ನು ಮಾಲೀಕರ ಮುಂದೆ ಪ್ರಶ್ನೆಯಾಗಿ ಇಡಬಹುದು.

ಇಲ್ಲಿನ ಸಾಮಾನ್ಯ ತಪ್ಪು: ಅಂಗಡಿಗಳಲ್ಲಿ ಯುಪಿಐ ಬಳಕೆಯ ಬಗ್ಗೆ ಪ್ರಶ್ನಾವಳಿ ಹಂಚಿ, ಅದಕ್ಕೆ ‘ಡಿಜಿಟಲ್ ರೂಪಾಂತರ’ ಎಂದು ಹೆಸರಿಡುವುದು. ಗೂಗಲ್ ಪೇ ಫಲಕ ನಿಲ್ಲಿಸಿದ ದಿನಸಿ ಅಂಗಡಿ ರೂಪಾಂತರಗೊಂಡಿಲ್ಲ. ಹಣ ತೆಗೆದುಕೊಳ್ಳುವ ವಿಧಾನ ಬದಲಾಗಿದೆ. ಅದು ಅಧ್ಯಯನಕ್ಕೆ ಯೋಗ್ಯವಾದ ವಿಷಯವೇ, ಆದರೆ ಅದರ ಸಂಶೋಧನಾ ಪರಂಪರೆ ಬೇರೆ. 1989ರಲ್ಲಿ ಫ್ರೆಡ್ ಡೇವಿಸ್ ಮಂಡಿಸಿದ ತಂತ್ರಜ್ಞಾನ ಸ್ವೀಕಾರ ಮಾದರಿಯಿಂದ ಹೊರಟ ಆ ಪರಂಪರೆ, ಒಂದು ಸಾಧನ ಉಪಯುಕ್ತ ಮತ್ತು ಸುಲಭ ಎಂದು ಜನರಿಗೆ ಅನಿಸಿದರೆ ಅದನ್ನು ಬಳಸುತ್ತಾರೆ ಎಂಬ ಊಹೆಯ ಮೇಲೆ ನಿಂತಿದೆ. ಆ ದಾರಿಯಲ್ಲಿ ಈಗಾಗಲೇ ಜನಸಂದಣಿ ಹೆಚ್ಚು.

2. ಎಣಿಸುವ ಮೊದಲು ಐದಾರು ಲೇಖನಗಳನ್ನು ಪೂರ್ತಿ ಓದಿ

ಸಾವಿರಾರು ಶೀರ್ಷಿಕೆಗಳನ್ನು ಡೌನ್‌ಲೋಡ್ ಮಾಡಿ ಅವುಗಳ ನಡುವಿನ ನಂಟಿನ ನಕ್ಷೆ ತೆಗೆಯುವ (ಆರನೆಯ ಹಂತ) ಉತ್ಸಾಹಕ್ಕೆ ಮೊದಲು ಈ ಕ್ಷೇತ್ರ ಬೆಳೆದ ಬಗೆಯನ್ನು ಕೆಲವು ಮುಖ್ಯ ಲೇಖನಗಳ ಮೂಲಕ ತಿಳಿದುಕೊಳ್ಳಬೇಕು. ಇಲ್ಲದಿದ್ದರೆ ನಕ್ಷೆಯಲ್ಲಿ ಕಾಣುವ ಬಣ್ಣಬಣ್ಣದ ಗುಂಪುಗಳಿಗೆ ಅರ್ಥ ಹಚ್ಚಲು ನಿಮ್ಮ ಬಳಿ ಏನೂ ಇರುವುದಿಲ್ಲ.

2011ರಲ್ಲಿ ಜಾರ್ಜ್ ವೆಸ್ಟರ್‌ಮನ್ ಮತ್ತು ಸಂಗಡಿಗರು ಎಂಐಟಿ ಹಾಗೂ ಕ್ಯಾಪ್‌ಜೆಮಿನಿ ಪರವಾಗಿ ಪ್ರಕಟಿಸಿದ ವರದಿ ದೊಡ್ಡ ಕಂಪನಿಗಳ ಮೇಲಧಿಕಾರಿಗಳಿಗಾಗಿ ಬರೆದದ್ದು. ಈ ಪರಿಭಾಷೆ ವ್ಯವಹಾರ ಜಗತ್ತಿನಲ್ಲಿ ಹರಡುವುದರಲ್ಲಿ ಸಲಹಾ ಸಂಸ್ಥೆಗಳ ಪಾತ್ರವೆಷ್ಟು ಎಂಬುದು ಅದನ್ನು ನೋಡಿದರೆ ತಿಳಿಯುತ್ತದೆ. 2013ರಲ್ಲಿ ಆನಂದಿ ಭಾರದ್ವಾಜ್ ಮತ್ತು ಮೂವರು ಸಹಲೇಖಕರು ‘ಎಂಐಎಸ್ ಕ್ವಾರ್ಟರ್ಲಿ’ಯಲ್ಲಿ, ಐಟಿ ಕಾರ್ಯತಂತ್ರವನ್ನು ವ್ಯಾಪಾರ ಕಾರ್ಯತಂತ್ರದ ಕೆಳಗಿನ ಒಂದು ಇಲಾಖೆಯ ವಿಷಯವಾಗಿ ನೋಡುವುದನ್ನು ಬಿಟ್ಟು ಎರಡನ್ನೂ ಬೆಸೆದು ನೋಡಬೇಕು ಎಂದು ವಾದಿಸಿದರು. 2015ರಲ್ಲಿ ಮ್ಯಾಟ್, ಹೆಸ್ ಮತ್ತು ಬೆನ್ಲಿಯನ್ ರೂಪಾಂತರಕ್ಕೇ ಪ್ರತ್ಯೇಕ ಕಾರ್ಯತಂತ್ರ ಬೇಕೆಂದರು. 2019ರಲ್ಲಿ ಮೇಲೆ ಹೇಳಿದ ವಿಯಾಲ್ ಸಮೀಕ್ಷೆಯ ಜೊತೆಗೆ ವಾರ್ನರ್ ಮತ್ತು ವೇಗರ್ ಅವರ ಅಧ್ಯಯನವೂ ಬಂದಿತು; ಹಳೆಯ ಉದ್ದಿಮೆಗಳ ಕಂಪನಿಗಳು ರೂಪಾಂತರಕ್ಕೆ ಬೇಕಾದ ಸಾಮರ್ಥ್ಯವನ್ನು ಹೇಗೆ ಕಟ್ಟಿಕೊಳ್ಳುತ್ತವೆ ಎಂಬುದು ಅದರ ಪ್ರಶ್ನೆ.

ಆ ಕೊನೆಯ ಅಧ್ಯಯನವನ್ನು ಓದುವಾಗ ‘ಡೈನಮಿಕ್ ಕೇಪಬಿಲಿಟೀಸ್’ ಎಂಬ ಪರಿಕಲ್ಪನೆ ಎದುರಾಗುತ್ತದೆ. 1997ರಲ್ಲಿ ಟೀಸ್, ಪಿಸಾನೊ ಮತ್ತು ಷುಯೆನ್ ವಿವರಿಸಿದ ಇದರ ಸಾರ ಇಷ್ಟು: ಮಾರುಕಟ್ಟೆ ವೇಗವಾಗಿ ಬದಲಾಗುವಾಗ, ಇರುವ ಸಂಪನ್ಮೂಲಗಳನ್ನು ಮರುಜೋಡಿಸುವ ಸಾಮರ್ಥ್ಯವೇ ಸಂಸ್ಥೆಯನ್ನು ಮುಂದಿಡುತ್ತದೆ. ಡಿಜಿಟಲ್ ರೂಪಾಂತರದ ಲೇಖನಗಳಲ್ಲಿ ಅತಿ ಹೆಚ್ಚು ಬಳಕೆಯಾಗುವ ಸಿದ್ಧಾಂತಗಳಲ್ಲಿ ಇದೂ ಒಂದು. ಎರಡನೆಯದಾಗಿ 1990ರ ಟಿಒಇ ಚೌಕಟ್ಟನ್ನು ತಿಳಿದಿರಿ. ಅದು ತಂತ್ರಜ್ಞಾನ, ಸಂಸ್ಥೆ ಮತ್ತು ಪರಿಸರ ಎಂಬ ಮೂರು ಬಗೆಯ ಕಾರಣಗಳಿಂದ ಹೊಸ ತಂತ್ರಜ್ಞಾನದ ಅಳವಡಿಕೆಯನ್ನು ವಿವರಿಸುತ್ತದೆ. ಸಣ್ಣ ಉದ್ದಿಮೆಗಳ ಅಧ್ಯಯನಗಳಲ್ಲಿ ಹೆಚ್ಚಾಗಿ ಕಾಣುತ್ತದೆ.

ಓದುವಾಗ ಪ್ರತಿ ಲೇಖನಕ್ಕೆ ಐದು ಅಂಕಣಗಳನ್ನು ತುಂಬಿ: ಪ್ರಶ್ನೆ, ಸಿದ್ಧಾಂತ, ಯಾವ ದೇಶದ ಯಾವ ಗಾತ್ರದ ಸಂಸ್ಥೆ, ವಿಧಾನ, ರೂಪಾಂತರವನ್ನು ಅಳೆದ ಬಗೆ. ಐದನೆಯ ಅಂಕಣ ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

3. ಹುಡುಕುವ ಜಾಗವನ್ನು ಆರಿಸಿಕೊಳ್ಳಿ

ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ಎಂಬುವು ಚಂದಾ ಕಟ್ಟಿ ಬಳಸುವ ಸೂಚಿಗಳು; ಯಾವ ಲೇಖನ ಎಲ್ಲಿ ಬಂದಿದೆ, ಯಾರು ಯಾರನ್ನು ಉಲ್ಲೇಖಿಸಿದ್ದಾರೆ ಎಂಬುದನ್ನು ಅವು ತಿಳಿಸುತ್ತವೆ. ಕೇಂದ್ರ ಸಂಪುಟ 2024ರ ನವೆಂಬರ್ 25ರಂದು ಒಪ್ಪಿದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ಇದಕ್ಕಿಂತ ಬೇರೆ. 2025ರಿಂದ 2027ರವರೆಗೆ 6,000 ಕೋಟಿ ರೂಪಾಯಿಯ ಆ ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳ ಪೂರ್ಣ ಲೇಖನಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಲಭ್ಯವಾಗುತ್ತವೆ. ಸಮನ್ವಯದ ಹೊಣೆ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ್ದು. ಅಲ್ಲಿ ಸಿಗುವುದು ಓದಲು ಬೇಕಾದ ಲೇಖನ. ಎಣಿಕೆಗೆ ಬೇಕಾದ ಸೂಚಿ ನಿಮ್ಮ ಸಂಸ್ಥೆಯಲ್ಲಿದೆಯೇ ಎಂಬುದನ್ನು ಗ್ರಂಥಪಾಲಕರಲ್ಲಿ ಪ್ರತ್ಯೇಕವಾಗಿ ಕೇಳಬೇಕು. ಖಾಸಗಿ ಕಾಲೇಜಿನವರು ತಮ್ಮ ಮಾರ್ಗದರ್ಶಕರ ಸಂಸ್ಥೆಯ ಮೂಲಕ ಅಥವಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕುಳಿತು ನೋಡಲು ಅವಕಾಶವಿದೆಯೇ ಎಂದು ಮೊದಲೇ ವಿಚಾರಿಸುವುದು ಒಳ್ಳೆಯದು.

ಚಂದಾ ಇಲ್ಲದವರು ಕೈಚೆಲ್ಲಬೇಕಾಗಿಲ್ಲ. 2022ರಲ್ಲಿ ಆರಂಭವಾದ ಓಪನ್‌ಅಲೆಕ್ಸ್ ಮತ್ತು ಅದಕ್ಕಿಂತ ಹಳೆಯ ಲೆನ್ಸ್ ಎಂಬ ಸೂಚಿಗಳು ಎರಡೂ ಉಚಿತ. ಆದರೆ ಓಪನ್‌ಅಲೆಕ್ಸ್‌ನಲ್ಲಿ ಕಾಣುವ ಕೀವರ್ಡ್‌ಗಳು ಲೇಖಕರು ಕೊಟ್ಟವಲ್ಲ, ಯಂತ್ರ ಅಂದಾಜಿಸಿ ಅಂಟಿಸಿದವು. ಅವುಗಳ ಮೇಲೆ ಒಲವುಗಳ ವಾದ ಕಟ್ಟುವುದಾದರೆ ಆ ಮಿತಿಯನ್ನು ಬರೆಯಬೇಕು. ಗೂಗಲ್ ಸ್ಕಾಲರ್ ಒಂದು ಹುಡುಕಾಟಕ್ಕೆ ಗರಿಷ್ಠ 1,000 ಫಲಿತಾಂಶ ಮಾತ್ರ ತೋರಿಸುವುದರಿಂದಲೂ ಅದರಲ್ಲಿ ಸೋಸುವ ಸೌಲಭ್ಯ ಕಡಿಮೆ ಇರುವುದರಿಂದಲೂ ಮುಖ್ಯ ಮೂಲವಾಗಿ ಒದಗುವುದಿಲ್ಲ. ತಪ್ಪಿಹೋದ ಲೇಖನಗಳನ್ನು ಹಿಡಿಯಲು ಮಾತ್ರ ಅದನ್ನು ಬಳಸಿ. ಭಾರತದ ಪಿಎಚ್.ಡಿ. ಪ್ರಬಂಧಗಳಿಗೆ ಶೋಧಗಂಗಾ ಇದೆ. ನಿಮ್ಮ ಶೀರ್ಷಿಕೆಯೇ ಬೇರೆ ಜಿಲ್ಲೆಯ ಹೆಸರಿನೊಂದಿಗೆ ಅಲ್ಲಿ ಈಗಾಗಲೇ ಇರುವ ಸಾಧ್ಯತೆ ಕಡಿಮೆಯೇನಲ್ಲ.

4. ಹುಡುಕಾಟದ ಪದಗಳನ್ನು ಕಟ್ಟಿ

ಈ ಹಂತದಲ್ಲಿ ಆಗುವ ತಪ್ಪು ಮುಂದಿನ ಎಲ್ಲ ಹಂತಗಳಿಗೂ ಹರಡುವುದರಿಂದ ಇಲ್ಲಿ ಎರಡು ವಾರ ಕಳೆದರೂ ಹೆಚ್ಚಲ್ಲ.

ಮೊದಲನೆಯದಾಗಿ ಕಾಗುಣಿತ. ಇಂಗ್ಲಿಷಿನಲ್ಲಿ ‘ಡಿಜಿಟಲೈಸೇಷನ್’ ಪದವನ್ನು ಬ್ರಿಟಿಷರು ಎಸ್ ಅಕ್ಷರದಿಂದಲೂ ಅಮೆರಿಕನ್ನರು ಝಡ್ ಅಕ್ಷರದಿಂದಲೂ ಬರೆಯುವುದುಂಟು. ಒಂದನ್ನೇ ಹಾಕಿದರೆ ಇನ್ನೊಂದು ರೂಪದ ಲೇಖನಗಳು ತಪ್ಪಿಹೋಗಬಹುದು. ಪದದ ಮೂಲ ಭಾಗದ ಕೊನೆಗೆ ನಕ್ಷತ್ರ ಚಿಹ್ನೆ ಹಾಕಿದರೆ ಎಲ್ಲ ರೂಪಗಳೂ ಬರುತ್ತವೆ. ಒಟ್ಟಿಗೆ ಬರಬೇಕಾದ ಪದಗಳನ್ನು ಉದ್ಧರಣ ಚಿಹ್ನೆಯಲ್ಲಿಡಿ. ಶೀರ್ಷಿಕೆ, ಸಾರಾಂಶ ಮತ್ತು ಕೀವರ್ಡ್ ಈ ಮೂರರಲ್ಲಿ ಮಾತ್ರ ಹುಡುಕಿ; ಪೂರ್ಣ ಪಾಠದಲ್ಲಿ ಹುಡುಕಿದರೆ ಎಲ್ಲೋ ಒಂದು ಸಾಲಿನಲ್ಲಿ ಆ ಪದ ಬಂದ ಲೇಖನಗಳೆಲ್ಲ ತುಂಬಿಕೊಳ್ಳುತ್ತವೆ.

ಎರಡನೆಯದು ವಿಷಯ ವಿಭಾಗದ ಸೋಸುವಿಕೆ. ‘ವ್ಯವಹಾರ ಮತ್ತು ನಿರ್ವಹಣೆ’ ಎಂಬ ವಿಭಾಗವನ್ನಷ್ಟೇ ಆರಿಸಿದರೆ ಮಾಹಿತಿ ವ್ಯವಸ್ಥೆಗಳ ಮುಖ್ಯ ಲೇಖನಗಳಲ್ಲಿ ಕೆಲವು ಕಂಪ್ಯೂಟರ್ ವಿಜ್ಞಾನದ ವಿಭಾಗದಲ್ಲಿ ಉಳಿದುಬಿಡುತ್ತವೆ. ಎರಡೂ ವಿಭಾಗ ತೆಗೆದುಕೊಂಡು, ಸಾರಾಂಶ ಓದಿ ಕೈಯಿಂದ ಸೋಸುವುದು ಶ್ರಮದ ದಾರಿಯಾದರೂ ಅದೇ ಸರಿ. ನಿಮ್ಮ ಪದಗಳು ಸರಿಯಾಗಿವೆಯೇ ಎಂದು ನೋಡಲು ಸರಳ ಪರೀಕ್ಷೆಯೊಂದಿದೆ: ಎರಡನೆಯ ಹಂತದಲ್ಲಿ ಓದಿದ ಲೇಖನಗಳ ಪೈಕಿ ಆ ಸೂಚಿಯಲ್ಲಿ ಇರುವಂಥವೆಲ್ಲ ಫಲಿತಾಂಶದಲ್ಲಿ ಬಂದಿರಬೇಕು. ಬರದಿದ್ದರೆ ಪದಗಳನ್ನು ತಿದ್ದಿ.

ಮೂರನೆಯದು ನಮ್ಮ ಭಾಗದ ಸಂಶೋಧಕರಿಗೆ ಎಲ್ಲಕ್ಕಿಂತ ಮುಖ್ಯ. ನಿಮಗೆ ಅತಿ ಹತ್ತಿರದ ಅಧ್ಯಯನಗಳು ‘ಡಿಜಿಟಲ್ ರೂಪಾಂತರ’ ಎಂಬ ಹೆಸರಿನಲ್ಲಿ ಇರುವುದೇ ಇಲ್ಲ. ಕರ್ನಾಟಕವು 2014ರಲ್ಲಿ ಎಪಿಎಂಸಿಗಳನ್ನು ಆನ್‌ಲೈನ್ ಮೂಲಕ ಜೋಡಿಸುವ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿತು. ಅದರ ಪರಿಣಾಮವನ್ನು ಅಳೆದು, ಭತ್ತ, ನೆಲಗಡಲೆ ಮತ್ತು ಮುಸುಕಿನ ಜೋಳದ ಮಾದರಿ ಬೆಲೆ (ಹೆಚ್ಚಿನ ವಹಿವಾಟು ನಡೆದ ಬೆಲೆ) ಅನುಕ್ರಮವಾಗಿ ಶೇ 5.1, ಶೇ 3.6 ಮತ್ತು ಶೇ 3.5ರಷ್ಟು ಏರಿತೆಂದು ತೋರಿಸಿದ ಅಧ್ಯಯನ 2020ರಲ್ಲಿ ಅಮೆರಿಕದ ನ್ಯಾಷನಲ್ ಅಕಾಡೆಮಿ ಆಫ್ ಸೈನ್ಸಸ್‌ನ ಜರ್ನಲ್‌ನಲ್ಲಿ ಪ್ರಕಟವಾಯಿತು. ಅದರ ಶೀರ್ಷಿಕೆ ಹೇಳುವುದು ಕೃಷಿ ಸಗಟು ಮಾರುಕಟ್ಟೆಗಳ ಏಕೀಕರಣದ ಬಗ್ಗೆ. ಕೇರಳದ ಮೀನುಗಾರರಿಗೆ ಮೊಬೈಲ್ ಬಂದಾಗ ಮೀನಿನ ಬೆಲೆಗಳ ನಡುವಿನ ಅಂತರ ತಗ್ಗಿದ್ದನ್ನು ತೋರಿಸಿದ ರಾಬರ್ಟ್ ಜೆನ್ಸನ್ ಅವರ 2007ರ ಲೇಖನವಾಗಲಿ, ಮಧ್ಯಪ್ರದೇಶದ ಸೋಯಾಬೀನ್ ಬೆಳೆಗಾರರಿಗೆ ಐಟಿಸಿ ಕಂಪನಿಯ ಇ-ಚೌಪಾಲ್ ಎಂಬ ಹಳ್ಳಿಯ ಅಂತರ್ಜಾಲ ಕೇಂದ್ರಗಳು ತಂದ ಬದಲಾವಣೆಯನ್ನು ನೋಡಿದ ಅಪರಾಜಿತಾ ಗೋಯಲ್ ಅವರ 2010ರ ಲೇಖನವಾಗಲಿ ಅರ್ಥಶಾಸ್ತ್ರದ ಜರ್ನಲ್‌ಗಳಲ್ಲಿವೆ. ಮಂಡ್ಯದ ಬೆಲ್ಲದ ಮಾರುಕಟ್ಟೆಯ ಬಗ್ಗೆ ಬರೆಯಹೊರಟವರು ಇವುಗಳನ್ನು ಬಿಟ್ಟು ಜರ್ಮನಿಯ ವಾಹನ ಕಂಪನಿಗಳ ಅಧ್ಯಯನಗಳಿಂದ ಸಾಹಿತ್ಯ ಸಮೀಕ್ಷೆಯನ್ನು ತುಂಬಿಸಿದರೆ ಅದು ಸಮೀಕ್ಷೆಯಾಗುವುದಿಲ್ಲ.

ಆದ್ದರಿಂದ ಎರಡು ಪಟ್ಟಿ ಮಾಡಿ. ಒಂದರಲ್ಲಿ ಕ್ಷೇತ್ರದ ಪದಗಳು: ಡಿಜಿಟಲ್ ರೂಪಾಂತರ, ಡಿಜಿಟಲೈಸೇಷನ್, ಡಿಜಿಟಲ್ ಕಾರ್ಯತಂತ್ರ, ಇಂಡಸ್ಟ್ರಿ 4.0 (ಕಾರ್ಖಾನೆಯ ಯಂತ್ರಗಳನ್ನು ಜಾಲದ ಮೂಲಕ ಜೋಡಿಸುವ ಪರಿಕಲ್ಪನೆ). ಇನ್ನೊಂದರಲ್ಲಿ ಸಂಗತಿಯ ಪದಗಳು: ಎಲೆಕ್ಟ್ರಾನಿಕ್ ಹರಾಜು, ಮೊಬೈಲ್ ಹಣ, ಇ-ಇನ್‌ವಾಯ್ಸ್, ಆನ್‌ಲೈನ್ ಮಾರುಕಟ್ಟೆ, ಇಆರ್‌ಪಿ (ಸಂಸ್ಥೆಯ ಎಲ್ಲ ವಿಭಾಗಗಳ ಲೆಕ್ಕವನ್ನು ಒಂದೆಡೆ ತರುವ ತಂತ್ರಾಂಶ). ಎರಡನ್ನೂ ಪ್ರತ್ಯೇಕವಾಗಿ ಹುಡುಕಿ, ಪ್ರತ್ಯೇಕವಾಗಿಯೇ ದಾಖಲಿಸಿ.

5. ಸೋಸಿ, ಶುಚಿಗೊಳಿಸಿ

ಎರಡು ಡೇಟಾಬೇಸ್‌ಗಳಿಂದ ಬಂದ ನಕಲುಗಳನ್ನು ಡಿಒಐ ಸಂಖ್ಯೆಯ ಮೂಲಕ ತೆಗೆಯಿರಿ; ಡಿಒಐ ಎಂದರೆ ಪ್ರತಿ ಲೇಖನಕ್ಕೂ ಇರುವ ಶಾಶ್ವತ ಗುರುತಿನ ಸಂಖ್ಯೆ. ಯಾವುದನ್ನು ಇಟ್ಟುಕೊಂಡಿರಿ, ಯಾವುದನ್ನು ಯಾವ ಕಾರಣಕ್ಕೆ ಬಿಟ್ಟಿರಿ ಎಂಬುದನ್ನು ಪ್ರಿಸ್ಮಾ ಮಾದರಿಯ ಚಿತ್ರದಲ್ಲಿ ತೋರಿಸುವುದು ರೂಢಿ. ವೈದ್ಯಕೀಯ ಸಮೀಕ್ಷೆಗಳಿಗಾಗಿ ರೂಪುಗೊಂಡ ಈ ಮಾರ್ಗಸೂಚಿಯ 2020ರ ಆವೃತ್ತಿಯಲ್ಲಿ 27 ಅಂಶಗಳ ಪಟ್ಟಿಯಿದೆ. ಅದರ ಎಲ್ಲ ಅಂಶಗಳೂ ನಿಮ್ಮ ವಿಷಯಕ್ಕೆ ಹೊಂದುವುದಿಲ್ಲ, ಹೊಂದುವಷ್ಟನ್ನು ಬಳಸಿದರಾಯಿತು.

ಹಿಂತೆಗೆದುಕೊಂಡ ಲೇಖನಗಳ ಬಗ್ಗೆ ಎಚ್ಚರವಿರಲಿ. 2023ರಲ್ಲಿ ಹಿಂದಾವಿ ಪ್ರಕಾಶನ ಒಂದೇ 8,000ಕ್ಕೂ ಹೆಚ್ಚು ಲೇಖನಗಳನ್ನು ವಾಪಸು ಪಡೆಯಿತು. ಅವುಗಳಲ್ಲಿ ಹೆಚ್ಚಿನವು ವಿಶೇಷ ಸಂಚಿಕೆಗಳವು. ಜೊಟೆರೊ ತಂತ್ರಾಂಶವು ನಿಮ್ಮ ಸಂಗ್ರಹದಲ್ಲಿರುವ ಇಂಥ ಲೇಖನಕ್ಕೆ ತಾನಾಗಿಯೇ ಕೆಂಪು ಗುರುತು ಹಾಕುತ್ತದೆ.

6. ನಕ್ಷೆ ತೆಗೆಯಿರಿ

ಲೇಖನಗಳ ಮಾಹಿತಿಯನ್ನು ಅಂಕಿಸಂಖ್ಯೆಯಾಗಿ ವಿಶ್ಲೇಷಿಸುವ ಈ ಬಗೆಗೆ ಬಿಬ್ಲಿಯೊಮೆಟ್ರಿಕ್ ವಿಶ್ಲೇಷಣೆ ಎಂದು ಹೆಸರು. ನೆದರ್‌ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದಲ್ಲಿ ಸಿದ್ಧವಾದ ವಾಸ್‌ವ್ಯೂವರ್, ಹಾಗೂ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅರಿಯಾ ಮತ್ತು ಕುಕ್ಕುರುಲ್ಲೊ 2017ರಲ್ಲಿ ಪರಿಚಯಿಸಿದ ಬಿಬ್ಲಿಯೊಮೆಟ್ರಿಕ್ಸ್, ಎರಡೂ ಉಚಿತ. ಕೋಡ್ ಬರೆಯಲು ಬಾರದವರು ಎರಡನೆಯದರ ಬಿಬ್ಲಿಯೊಶೈನಿ ಎಂಬ ಪರದೆಯನ್ನು ಬಳಸಬಹುದು.

ಮೂರು ವಿಶ್ಲೇಷಣೆಗಳು ಸಾಕು. ಕೀವರ್ಡ್‌ಗಳ ಸಹಸಂಭವ: ಯಾವ ಎರಡು ಪದಗಳು ಒಂದೇ ಲೇಖನದಲ್ಲಿ ಜೊತೆಯಾಗಿ ಬರುತ್ತವೆ ಎಂಬುದು. ಸಹ-ಉಲ್ಲೇಖ: ಯಾವ ಎರಡು ಹಳೆಯ ಲೇಖನಗಳನ್ನು ನಂತರದವರು ಒಟ್ಟಿಗೆ ಉಲ್ಲೇಖಿಸಿದ್ದಾರೆ ಎಂಬುದು; ಇದು ಕ್ಷೇತ್ರದ ಬೇರುಗಳನ್ನು ತೋರಿಸುತ್ತದೆ. ಬಿಬ್ಲಿಯೊಗ್ರಾಫಿಕ್ ಕಪ್ಲಿಂಗ್: ಯಾವ ಎರಡು ಹೊಸ ಲೇಖನಗಳು ಒಂದೇ ಹಳೆಯ ಲೇಖನಗಳನ್ನು ಆಧರಿಸಿವೆ ಎಂಬುದು, ಇದು ಈಗಿನ ಒಲವುಗಳಿಗೆ ಹತ್ತಿರ. ಒಲವುಗಳ ಬಗ್ಗೆ ಬರೆಯುವವರು ಸಹ-ಉಲ್ಲೇಖದ ನಕ್ಷೆಯನ್ನು ತೋರಿಸಿ ‘ಇದು ಇಂದಿನ ಸ್ಥಿತಿ’ ಎಂದು ಹೇಳುವುದು ಆಗಾಗ ಕಾಣುವ ತಪ್ಪು.

ನಕ್ಷೆಗೆ ಮುನ್ನ ಸಮಾನಾರ್ಥಕ ಪದಗಳನ್ನು ಒಂದುಗೂಡಿಸುವ ಪಟ್ಟಿಯನ್ನು ವಾಸ್‌ವ್ಯೂವರ್‌ಗೆ ಕೊಡಿ. ಇಲ್ಲದಿದ್ದರೆ ‘ಎಸ್‌ಎಂಇ’ (ಸಣ್ಣ ಮತ್ತು ಮಧ್ಯಮ ಉದ್ದಿಮೆ), ಅದರ ಬಹುವಚನ ಮತ್ತು ಅದರ ಪೂರ್ಣರೂಪ ಮೂರು ಬೇರೆ ಬೇರೆ ವಿಷಯಗಳಾಗಿ ಕಾಣುತ್ತವೆ.

7. ಏರಿಕೆಯನ್ನು ಸರಿಯಾಗಿ ಓದಿ

ನಕ್ಷೆ ಮತ್ತು ಓದು ಎರಡನ್ನೂ ಜೊತೆಗಿಟ್ಟರೆ ಕ್ಷೇತ್ರ ಸಾಗಿದ ದಾರಿ ಸ್ಥೂಲವಾಗಿ ಹೀಗೆ ಕಾಣುತ್ತದೆ. ಆರಂಭದ ವರ್ಷಗಳಲ್ಲಿ ಕಾರ್ಯತಂತ್ರ ಮತ್ತು ದೊಡ್ಡ ಕಂಪನಿಗಳ ನಾಯಕತ್ವದ ಪ್ರಶ್ನೆಗಳು ಮುಂದಿದ್ದವು. 2011ರ ಹ್ಯಾನೊವರ್ ಮೇಳದಿಂದ ಪ್ರಚಾರಕ್ಕೆ ಬಂದ ಇಂಡಸ್ಟ್ರಿ 4.0 ಕಾರ್ಖಾನೆಯ ಕಡೆಯಿಂದ ಬಂದು ಇದರೊಂದಿಗೆ ಸೇರಿತು. 2020ರ ಕೋವಿಡ್ ನಂತರ ಸಣ್ಣ ಉದ್ದಿಮೆಗಳು, ಆಘಾತ ತಡೆದುಕೊಳ್ಳುವ ಶಕ್ತಿ, ಮನೆಯಿಂದ ಕೆಲಸ ಎಂಬ ವಿಷಯಗಳು ಒಮ್ಮೆಲೇ ಹೆಚ್ಚಿದವು. ಅದರ ಬೆನ್ನಿಗೆ ಡಿಜಿಟಲ್ ಬದಲಾವಣೆ ಮತ್ತು ಪರಿಸರ ಸ್ನೇಹಿ ಬದಲಾವಣೆಯನ್ನು ಜೋಡಿಯಾಗಿ ನೋಡುವ ಅಧ್ಯಯನಗಳು ಬಂದವು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಿಡುಗಡೆಯಾದ ಬಳಿಕ ಜನರೇಟಿವ್ ಎಐ ಎಲ್ಲ ಕಡೆ ನುಸುಳಿದೆ. ಹಳೆಯ ಪ್ರಶ್ನೆಗೆ ಹೊಸ ಪದ ಸೇರಿಸಿದ ಲೇಖನಗಳೂ ಅವುಗಳಲ್ಲಿ ಧಾರಾಳವಾಗಿವೆ.

ಅಳತೆಯ ವಿಧಾನದಲ್ಲೂ ಒಂದು ಒಲವು ಸ್ಪಷ್ಟವಾಗಿದೆ, ಎರಡನೆಯ ಹಂತದ ಐದನೆಯ ಅಂಕಣ ಉಪಯೋಗಕ್ಕೆ ಬರುವುದು ಇಲ್ಲಿ. ಚೀನಾದ ಷೇರುಪೇಟೆಯಲ್ಲಿರುವ ಕಂಪನಿಗಳ ವಾರ್ಷಿಕ ವರದಿಗಳಲ್ಲಿ ‘ಬಿಗ್ ಡೇಟಾ’, ‘ಕ್ಲೌಡ್’ ಮುಂತಾದ ಪದಗಳು ಎಷ್ಟು ಸಲ ಬಂದಿವೆ ಎಂದು ಎಣಿಸಿ, ಅದನ್ನೇ ಆ ಕಂಪನಿಯ ಡಿಜಿಟಲ್ ರೂಪಾಂತರದ ಪ್ರಮಾಣವೆಂದು ತೆಗೆದುಕೊಳ್ಳುವ ಅಧ್ಯಯನಗಳು ಬಹಳವಾಗಿವೆ. ಸಾವಿರಾರು ಕಂಪನಿಗಳನ್ನು ಹಲವು ವರ್ಷಗಳ ಉದ್ದಕ್ಕೂ ಹೋಲಿಸಲು ಇದರಿಂದ ಅನುಕೂಲವಿದೆ. ಆದರೆ ವರದಿಯಲ್ಲಿ ಹೇಳಿಕೊಂಡದ್ದೆಲ್ಲ ಅಂಗಳದಲ್ಲಿ ನಡೆದಿರಬೇಕೆಂದಿಲ್ಲ. ಈ ಅಳತೆಯ ಫಲಿತಾಂಶವನ್ನು ಪ್ರಶ್ನಾವಳಿಯ ಫಲಿತಾಂಶದ ಪಕ್ಕದಲ್ಲಿಟ್ಟು ‘ಭಿನ್ನಾಭಿಪ್ರಾಯವಿದೆ’ ಎಂದು ಬರೆಯುವ ಮುನ್ನ, ಎರಡೂ ಒಂದೇ ವಸ್ತುವನ್ನು ಅಳೆದಿವೆಯೇ ಎಂದು ಕೇಳಿಕೊಳ್ಳಿ.

ಏರುಗತಿಯ ಗ್ರಾಫ್ ಹಾಕುವಾಗ ಮೂರು ವಿಷಯ ಗಮನದಲ್ಲಿರಲಿ. ನಿರ್ವಹಣಾಶಾಸ್ತ್ರದ ಒಟ್ಟು ಲೇಖನಗಳೇ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿರುವುದರಿಂದ ಬರಿಯ ಸಂಖ್ಯೆಯ ಬದಲು ಒಟ್ಟು ಲೇಖನಗಳಲ್ಲಿ ಈ ವಿಷಯದ ಪಾಲನ್ನು ತೋರಿಸಬೇಕು. ನಡೆಯುತ್ತಿರುವ ವರ್ಷದ ಅಂಕಿ ಅಪೂರ್ಣವಾಗಿರುತ್ತದೆ. ಅದನ್ನು ಸೇರಿಸಿ ‘ಆಸಕ್ತಿ ಕುಸಿದಿದೆ’ ಎಂದು ಬರೆದವರಿದ್ದಾರೆ. ಹೆಚ್ಚು ಉಲ್ಲೇಖ ಪಡೆದವುಗಳಲ್ಲಿ ಸಮೀಕ್ಷಾ ಲೇಖನಗಳೇ ಜಾಸ್ತಿ ಇರುತ್ತವೆ. ಉಲ್ಲೇಖದ ಸಂಖ್ಯೆ ಹೊಸ ಶೋಧದ ಅಳತೆಯಲ್ಲ.

‘ಶೇ 70ರಷ್ಟು ಡಿಜಿಟಲ್ ರೂಪಾಂತರಗಳು ವಿಫಲವಾಗುತ್ತವೆ’ ಎಂಬ ವಾಕ್ಯ ನಿಮ್ಮ ಸಿನಾಪ್ಸಿಸ್‌ನ ಮೊದಲ ಪುಟದಲ್ಲಿದ್ದರೆ ತೆಗೆದುಹಾಕಿ. ಈ ಅಂಕಿಯ ಹಿಂದಿನ ಎಳೆ 1993ರಲ್ಲಿ ಹ್ಯಾಮರ್ ಮತ್ತು ಚಾಂಪಿ ಬೇರೆಯೇ ವಿಷಯಕ್ಕೆ, ಅಂದರೆ ಕಂಪನಿಗಳ ಕಾರ್ಯವಿಧಾನದ ಮರುರಚನೆಗೆ ಕೊಟ್ಟ, ಅವರೇ ಅವೈಜ್ಞಾನಿಕವೆಂದು ಒಪ್ಪಿಕೊಂಡ ಅಂದಾಜಿಗೆ ಹೋಗುತ್ತದೆ. 2011ರಲ್ಲಿ ಮಾರ್ಕ್ ಹ್ಯೂಸ್ ಸಂಸ್ಥೆಗಳ ಬದಲಾವಣೆಯ ಕುರಿತು ಈ ಅಂಕಿ ಬಂದಿರುವ ಮೂಲಗಳನ್ನು ಪರಿಶೀಲಿಸಿ, ಯಾವುದಕ್ಕೂ ನಂಬಲರ್ಹವಾದ ಪುರಾವೆಯಿಲ್ಲ ಎಂದು ಬರೆದಿದ್ದಾರೆ. ಆದರೂ ಅಂಕಿ ಓಡಾಡುತ್ತಲೇ ಇದೆ.

8. ಮೈಸೂರು, ಮಂಡ್ಯಕ್ಕೆ ಇಳಿಸಿ

‘ಈ ವಿಷಯದಲ್ಲಿ ಮೈಸೂರು ಜಿಲ್ಲೆಯಲ್ಲಿ ಅಧ್ಯಯನ ನಡೆದಿಲ್ಲ’ ಎಂಬುದು ಸಂಶೋಧನೆಯ ಅಂತರವಲ್ಲ. ಜಿಲ್ಲೆಯ ಹೆಸರನ್ನು ಅಳಿಸಿದ ಮೇಲೂ ನಿಮ್ಮ ಪ್ರಶ್ನೆ ಹೊಸದಾಗಿ ಉಳಿಯಬೇಕು. ಜಿಲ್ಲೆಯು ಆ ಪ್ರಶ್ನೆಗೆ ತಕ್ಕ ಜಾಗವಾಗಿರಬೇಕು.

ಉದಾಹರಣೆಗೆ, ಬಹುಪಾಲು ಅಧ್ಯಯನಗಳು ರೂಪಾಂತರವನ್ನು ಸಂಸ್ಥೆ ತಾನಾಗಿ ಆರಿಸಿಕೊಂಡ ಕಾರ್ಯತಂತ್ರವೆಂದು ಊಹಿಸುತ್ತವೆ. ಆದರೆ ಮೈಸೂರಿನ ಹೆಬ್ಬಾಳ ಅಥವಾ ಹೂಟಗಳ್ಳಿ ಕೈಗಾರಿಕಾ ಪ್ರದೇಶದ ಬಿಡಿಭಾಗ ತಯಾರಕರಿಗೆ ತಂತ್ರಜ್ಞಾನ ಎಷ್ಟೋ ಸಲ ಹೊರಗಿನ ಒತ್ತಾಯವಾಗಿ ಬರುತ್ತದೆ. 2017ರ ಜುಲೈ 1ರಿಂದ ಜಿಎಸ್‌ಟಿ ಬಂತು. 2023ರ ಆಗಸ್ಟ್ 1ರಿಂದ 5 ಕೋಟಿ ರೂಪಾಯಿಗೂ ಮೀರಿದ ವಹಿವಾಟಿನವರಿಗೆ ವ್ಯಾಪಾರಿಗಳ ನಡುವಿನ ಮಾರಾಟಕ್ಕೆ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. ದೊಡ್ಡ ಗಿರಾಕಿ ಕಂಪನಿ ತನ್ನ ಪೋರ್ಟಲ್‌ನಲ್ಲೇ ಆರ್ಡರ್ ನೋಡಬೇಕೆನ್ನಬಹುದು. ಕಾನೂನು ಮತ್ತು ಗಿರಾಕಿಯ ಒತ್ತಾಯದಿಂದ ಆರಂಭವಾದ ಬದಲಾವಣೆ ಮುಂದೆ ವ್ಯಾಪಾರದ ಸ್ವರೂಪವನ್ನು ಬದಲಿಸುತ್ತದೆಯೇ, ಅಥವಾ ಕಡತ ಸಲ್ಲಿಕೆಯಲ್ಲೇ ನಿಲ್ಲುತ್ತದೆಯೇ? ಇದು ಹೆಬ್ಬಾಳದಲ್ಲಿ ಕೇಳಬಹುದಾದ, ಹೆಬ್ಬಾಳದ ಆಚೆಗೂ ಬೆಲೆಯುಳ್ಳ ಪ್ರಶ್ನೆ. ಮಂಡ್ಯದಲ್ಲಿ ಅದಕ್ಕೆ ಸಮನಾದುದು ಬೆಲ್ಲ: ಎಪಿಎಂಸಿಯಲ್ಲಿ ಆನ್‌ಲೈನ್ ಟೆಂಡರ್ ಇದ್ದರೂ ಆಲೆಮನೆ ನಡೆಸುವವರು ಮತ್ತು ದಲ್ಲಾಳಿಗಳ ನಡುವಿನ ಮುಂಗಡದ ಸಂಬಂಧ ಹಾಗೆಯೇ ಇದೆಯೇ ಎಂದು ನೋಡುವುದು. ದರದ ಅಂಕಿಯಷ್ಟೇ ನೋಡಿದರೆ ಆ ಸಂಬಂಧ ಕಾಣುವುದಿಲ್ಲ, ಸಂದರ್ಶನ ಬೇಕು.

ಮಾದರಿ ಆರಿಸುವಾಗ ‘ಸಣ್ಣ ಉದ್ದಿಮೆ’ಯ ವ್ಯಾಖ್ಯೆಯನ್ನು ಖಚಿತವಾಗಿ ಬರೆಯಿರಿ. 2025ರ ಏಪ್ರಿಲ್ 1ರಿಂದ ಮಿತಿಗಳು ಬದಲಾಗಿವೆ: ಅತಿಸಣ್ಣ ಘಟಕಕ್ಕೆ 2.5 ಕೋಟಿ ರೂಪಾಯಿ ಹೂಡಿಕೆ ಮತ್ತು 10 ಕೋಟಿ ವಹಿವಾಟು, ಸಣ್ಣ ಘಟಕಕ್ಕೆ 25 ಕೋಟಿ ಮತ್ತು 100 ಕೋಟಿ, ಮಧ್ಯಮ ಘಟಕಕ್ಕೆ 125 ಕೋಟಿ ಮತ್ತು 500 ಕೋಟಿ. ಅದಕ್ಕೆ ಹಿಂದಿನ ಅಧ್ಯಯನಗಳಲ್ಲಿ ‘ಮಧ್ಯಮ’ ಎನಿಸಿದ್ದ ಘಟಕ ಈಗ ‘ಸಣ್ಣ’ದಾಗಿರಬಹುದಾದ್ದರಿಂದ ಹೋಲಿಕೆ ಮಾಡುವಾಗ ಜಾಗ್ರತೆ ಬೇಕು.

ಇನ್ನೊಂದು ಎಚ್ಚರಿಕೆ ಪ್ರಶ್ನಾವಳಿಯದು. ಒಬ್ಬನೇ ಮಾಲೀಕನನ್ನು ಒಂದೇ ದಿನ ‘ನೀವು ಎಷ್ಟು ಡಿಜಿಟಲ್ ಆಗಿದ್ದೀರಿ’ ಎಂದೂ ‘ನಿಮ್ಮ ಲಾಭ ಎಷ್ಟು ಹೆಚ್ಚಿದೆ’ ಎಂದೂ ಕೇಳಿದರೆ, ಉತ್ಸಾಹದ ಮನುಷ್ಯ ಎರಡಕ್ಕೂ ಹೆಚ್ಚಿನ ಅಂಕ ಕೊಡುತ್ತಾನೆ. ಆಗ ಕಾಣುವ ಸಂಬಂಧ ವ್ಯಾಪಾರದ್ದೋ ಅವನ ಸ್ವಭಾವದ್ದೋ ತಿಳಿಯುವುದಿಲ್ಲ. ಜರ್ನಲ್‌ಗಳ ಪರಿಶೀಲಕರು ಈ ದೋಷಕ್ಕೇ ಮೊದಲು ಕೈಹಾಕುತ್ತಾರೆ. ಸಾಧ್ಯವಿದ್ದಲ್ಲಿ ಒಂದನ್ನಾದರೂ ದಾಖಲೆಯಿಂದ ಪಡೆಯಿರಿ.

9. ಬರೆದು ಕಳುಹಿಸುವ ಮುನ್ನ

ಗುಣಮಟ್ಟದ ಜರ್ನಲ್‌ಗಳೆಂದು ಯುಜಿಸಿ ಒಪ್ಪಿದ್ದ ಯುಜಿಸಿ-ಕೇರ್ ಪಟ್ಟಿಯನ್ನು ಈಗಲೂ ಹುಡುಕುವವರಿದ್ದಾರೆ. ಅದನ್ನು ನಿಲ್ಲಿಸಿರುವುದಾಗಿ ಯುಜಿಸಿ 2025ರ ಫೆಬ್ರುವರಿಯಲ್ಲಿ ತಿಳಿಸಿದೆ. ಜರ್ನಲ್‌ನ ಗುಣಮಟ್ಟ ನಿರ್ಧರಿಸುವ ಹೊಣೆ ಈಗ ಸಂಸ್ಥೆಗಳದು. ‘ಕೇರ್ ಪಟ್ಟಿಯಲ್ಲಿದೆ, ಒಂದು ವಾರದಲ್ಲಿ ಪ್ರಕಟಣೆ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಆಹ್ವಾನಗಳಿಗೆ ಹಣ ಕಟ್ಟಬೇಡಿ. ಒಂದು ಜರ್ನಲ್ ಸ್ಕೋಪಸ್‌ನಲ್ಲಿ ಈಗಲೂ ಇದೆಯೇ ಎಂಬುದನ್ನು ಸ್ಕೋಪಸ್‌ನ ಮೂಲಗಳ ಪಟ್ಟಿಯಲ್ಲಿ ಚಂದಾ ಇಲ್ಲದೆಯೂ ನೋಡಬಹುದು. ಹಿಂದೆ ಇದ್ದು ಈಗ ಕೈಬಿಟ್ಟವೂ ಇರುತ್ತವೆ. ಪ್ರಬಂಧ ಸಲ್ಲಿಸುವ ಮೊದಲು ಜರ್ನಲ್ ಪ್ರಕಟಣೆ ಕಡ್ಡಾಯವೆಂಬ ಷರತ್ತು ಯುಜಿಸಿಯ 2022ರ ಪಿಎಚ್.ಡಿ. ನಿಯಮಗಳಲ್ಲಿ ಇಲ್ಲ, ಆದರೆ ನಿಮ್ಮ ವಿಶ್ವವಿದ್ಯಾಲಯದ ನಿಯಮವನ್ನು ಪ್ರತ್ಯೇಕವಾಗಿ ನೋಡಿ.

ಕೃತಿಚೌರ್ಯದ ಕುರಿತ ಯುಜಿಸಿಯ 2018ರ ನಿಯಮಗಳಂತೆ ಶೇ 10ರವರೆಗಿನ ಸಾಮ್ಯಕ್ಕೆ ದಂಡನೆಯಿಲ್ಲ. ವ್ಯಾಖ್ಯೆಗಳ ಅಧ್ಯಾಯದಲ್ಲೇ ಈ ಮಿತಿ ಮೀರುವುದು ಹೆಚ್ಚು, ಏಕೆಂದರೆ ಎಲ್ಲರೂ ಅದೇ ಐದಾರು ವ್ಯಾಖ್ಯೆಗಳನ್ನು ಅದೇ ಮಾತುಗಳಲ್ಲಿ ಇಳಿಸುತ್ತಾರೆ. ಎಐ ಸಾಧನದಿಂದ ಉಲ್ಲೇಖಗಳನ್ನು ಕೇಳಿ ಪಡೆದಿದ್ದರೆ ಪ್ರತಿಯೊಂದರ ಡಿಒಐ ತೆರೆದು ನೋಡಿ. ಲೇಖಕರು ನಿಜ, ಜರ್ನಲ್ ನಿಜ, ಆದರೆ ಆ ಲೇಖನವೇ ಇಲ್ಲ ಎಂಬ ಉಲ್ಲೇಖಗಳನ್ನು ಈ ಸಾಧನಗಳು ಸಲೀಸಾಗಿ ಕೊಡುತ್ತವೆ.

ಪ್ರಬಂಧ ಸಲ್ಲಿಸುವ ಹೊತ್ತಿಗೆ ಮೊದಲ ಹುಡುಕಾಟ ಹಳೆಯದಾಗಿರುತ್ತದೆ. ದಿನಚರಿಯಲ್ಲಿರುವ ಅದೇ ಪದಗಳಿಂದ, ಅದೇ ಸೋಸುವಿಕೆಯಿಂದ ಮತ್ತೊಮ್ಮೆ ಹುಡುಕಿ, ನಡುವೆ ಬಂದ ಹೊಸ ಲೇಖನಗಳನ್ನು ಮಾತ್ರ ಓದಿ ಸೇರಿಸಿ. ಎರಡೂ ಹುಡುಕಾಟಗಳ ದಿನಾಂಕವನ್ನು ವಿಧಾನದ ಅಧ್ಯಾಯದಲ್ಲಿ ನಮೂದಿಸಿ.